ತಿರುಗದ ಕಂಬ

ಕಂಚುಗಾರರ ಮಸೀದಿಯ ಒಳಗೆ ದುರಸ್ತಿಗೆ ಕಟ್ಟಿದ್ದ ಸಾರುವೆ ಬಿಚ್ಚಿದ ಮಾರನೆಯ ಬೆಳಿಗ್ಗೆ ಯಾಕೂಪ್ ತಾತ ನಮಾಜಿನ ದಿಕ್ಕು ತೋರುವ ಗೂಡಾದ ಮಿಹ್ರಾಬಿನ ಎಡಪಕ್ಕದ ಸಣ್ಣ ಅಮೃತಶಿಲೆ ಕಂಬಕ್ಕೆ ಅಂಗೈ ಕೊಟ್ಟು ತಿರುಗಿಸಲು ನೋಡಿದರು. ಕಂಬ ತಿರುಗಲಿಲ್ಲ.

ನಲವತ್ತು ವರ್ಷದಿಂದ ಮಸೀದಿಯ ಕೀಲಿಕೈ ಅವರ ಬಳಿಯೇ ಇತ್ತು. ದುರಸ್ತಿಗೆಂದು ಮಸೀದಿ ಮುಚ್ಚಿ ಕಂಬ ಸಾರುವೆಯ ಮರೆಗೆ ಹೋಗುವ ತನಕ, ಬೆಳಗಿನ ನಮಾಜಾದ ಮೇಲೆ ಆ ಕಂಬವನ್ನು ಒಂದು ಸುತ್ತು ತಿರುಗಿಸದೆ ಅವರು ಮನೆಗೆ ಹೋದವರಲ್ಲ. ಸುಲ್ತಾನರ ಕಾಲದಲ್ಲಿ ಕಟ್ಟಿದವರು ಅದನ್ನು ಇಟ್ಟದ್ದೇ ಗೋಡೆಯ ಪರೀಕ್ಷೆಗೆ. ಗೋಡೆ ನೆಟ್ಟಗಿರುವ ತನಕ ಕಂಬ ಸಲೀಸಾಗಿ ತಿರುಗುತ್ತದೆ, ಗೋಡೆ ಕೂದಲೆಳೆಯಷ್ಟು ಸರಿದರೂ ಮೇಲಿನ ಭಾರ ಕೂತು ಬಿಗಿದುಕೊಳ್ಳುತ್ತದೆ. ಎರಡು ಭೂಕಂಪ ಕಂಡಾಗಲೂ ಅದು ಬಿಗಿದಿರಲಿಲ್ಲ.

"ರಾತ್ರಿ ಊಟ ಬಿಟ್ರಾ ತಾತ?" ಎಂದು ನಗುತ್ತ ಬಂದ ದುರಸ್ತಿಯ ಮೇಸ್ತ್ರಿ ತಹ್ಸೀನ್, ತಾನೂ ಎರಡು ಕೈ ಹಚ್ಚಿ ನೋಡಿ ನಗು ನಿಲ್ಲಿಸಿದ.

ಅಲ್ಲೇ ನೆಲ ಒರೆಸುತ್ತಿದ್ದ ದುರಸ್ತಿ ಕೆಲಸದ ಹುಡುಗಿ ನೆವ್ರಾ ತಲೆ ಎತ್ತಲಿಲ್ಲ.

ಹದಿನೈದು ದಿನದ ಹಿಂದೆ ಆ ಕಂಬದ ಹಿಂದಿನ ಬಿರುಕಿಗೆ ಸಿರಿಂಜಿನಲ್ಲಿ ತೆಳು ಸುಣ್ಣದ ಗಾರೆ ತುಂಬಿದವಳು ಅವಳೇ. ಅವಳ ಕೈ ನಡುಗುವುದಿಲ್ಲವೆಂದು ಮೇಸ್ತ್ರಿ ಆ ಕೆಲಸವನ್ನು ಅವಳಿಗೇ ವಹಿಸಿದ್ದ. ಬಿರುಕು ತುಂಬಿದ ಮೇಲೂ ಅವಳು ಒತ್ತಿದ್ದಳು. ಕಂಬದ ಬುಡದಲ್ಲಿ ಬಿಳಿ ನೀರು ಜಿನುಗಿತ್ತು. ಒದ್ದೆ ಸ್ಪಂಜಿನಿಂದ ಒರೆಸಿ, ಯಾರಿಗೂ ಹೇಳದೆ ಚಹಾಕ್ಕೆ ಹೋಗಿದ್ದಳು. ಆಗಲೇ ಬಾಯಿ ಬಿಟ್ಟಿದ್ದರೆ ಸುಣ್ಣ ಗಟ್ಟಿಯಾಗುವ ಮುನ್ನ ನೀರು ಹಾಯಿಸಿ ತೊಳೆಯಬಹುದಿತ್ತು.

"ಚರಂಡಿ," ಎಂದರು ತಾತ. "ಹೋದ ಚಳಿಗಾಲ ಗೋಡೆ ಪಕ್ಕ ತೋಡಿದ್ರಲ್ಲ. ಅದರಿಂದಲೇ ಗೋಡೆ ಸರಿದಿದೆ. ಬೇಡ ಅನ್ನಬೇಕಿತ್ತು. ನಾನು ಚಳಿ ಅಂತ ಮನೇಲಿ ಒಲೆ ಮುಂದೆ ಕೂತಿದ್ದೆ."

ಗೋಡೆಯ ಅಳತೆ ಮಾಡುವ ಎಂಜಿನಿಯರು ಬರುವ ತನಕ ಮಸೀದಿಗೆ ಬೀಗ ಬಿತ್ತು. ರಂಜಾನಿಗೆ ತೆರೆಯುವ ಮಾತು ನಿಂತಿತು. ತಾತ ಮನೆಮನೆಗೆ ಹೋಗಿ ಕ್ಷಮೆ ಕೇಳತೊಡಗಿದರು. ಮೂರನೆಯ ದಿನ ಅಂಗಳದಲ್ಲಿ ಜರಡಿ ತೊಳೆಯುತ್ತಿದ್ದ ನೆವ್ರಾಳ ಎದುರಿಗೂ ಬಂದು ನಿಂತರು.

"ಎರಡು ವರ್ಷ ಇಲ್ಲಿ ದುಡಿದೆ ಮಗಳೇ. ನನ್ನಿಂದ ಎಲ್ಲಾ ನೀರುಪಾಲಾಯ್ತು. ನಿನ್ನ ಋಣ ನನ್ನ ಮೇಲಿದೆ, ಬಿಟ್ಟುಕೊಡು."

ಹಾಗೆ ಕೇಳಿದವರಿಗೆ ಅಲ್ಲಿ ಕೊಡುವ ಉತ್ತರ ಒಂದೇ, "ಬಿಟ್ಟೆ." ನೆವ್ರಾ ಜರಡಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

"ರೊಟ್ಟಿ ಸುಡೋ ಹಾಲಿಸೆನೂ ಬಾಯಿಗೆ ಬಂದಂಗೆ ಬೈದು ಕೊನೇಲಿ ಬಿಟ್ಟೆ ಅಂದ್ಲು," ತಾತನ ದನಿ ಇಳಿಯಿತು. "ನಿಂಗೆ ಅವಳಿಗಿಂತ ಹೆಚ್ಚು ಕೋಪಾನಾ?"

"ಗೋಡೆ ಅಲ್ಲ ತಾತ. ಸುಣ್ಣ. ನಾನು ಜಾಸ್ತಿ ಒತ್ತಿದೆ. ಬುಡಕ್ಕೆ ಇಳೀತು. ನೋಡಿದೆ, ಒರೆಸಿಬಿಟ್ಟೆ."

ತಾತ ಅವಳ ಕೈಗಳನ್ನು ನೋಡಿದರು.

"ಅವತ್ತು ನಾನು ಚರಂಡಿ ಅಂದಾಗ ನೀನು ಅಲ್ಲೇ ಇದ್ದೆ."

"ಇದ್ದೆ. ನೀವೇ ನಂಗೆ ಬಿಟ್ಟುಕೊಡಿ ತಾತ."

"ನಂದು ಆಮೇಲೆ. ಮೂವತ್ತು ಮನೆ ಬಾಗಿಲು ತಟ್ಟಿ ತಪ್ಪು ನಂದು ಅಂತ ಹೇಳಿ ಬಂದಿದೀನಿ. ಅವರಿಗೆ ಯಾರು ಹೇಳ್ತಾರೆ?"

"ಮೇಸ್ತ್ರಿಗೆ ಈಗಲೇ ಹೇಳ್ತೀನಿ."

"ಹೇಳು. ಆಮೇಲೆ ಹಾಲಿಸೆ ಮನೆಯಿಂದ ಶುರುಮಾಡು."

ಅವಳು ಹೇಳಿದ್ದನ್ನು ಕೇಳಿ ಮೇಸ್ತ್ರಿ ಬೈಯಲಿಲ್ಲ. ಸಿರಿಂಜಿನ ಪೆಟ್ಟಿಗೆಯನ್ನು ಅವಳ ಮುಂದಿನಿಂದ ಎತ್ತಿಕೊಂಡು ಹೋದ, ಅಷ್ಟೆ.

ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ದನಿ ಹೊರಡದವಳು ಹಾಲಿಸೆಯ ಬಾಗಿಲಿಗೆ ಹೋದಳು. ಒಳಗೆ ಹೆಂಗಸರು ಹಿಟ್ಟು ಲಟ್ಟಿಸುತ್ತ ಯಾರದೋ ಮದುವೆಯ ಮಾತಾಡಿ ನಗುತ್ತಿದ್ದರು. ಅವಳು ತಟ್ಟಿದ್ದು ಯಾರಿಗೂ ಕೇಳಲಿಲ್ಲ. ತಿರುಗಿ ನೋಡಿದರೆ ತಾತ ಬೀದಿಯ ನಲ್ಲಿಕಟ್ಟೆಯ ಮೇಲೆ ಕೂತು, ಅವಳ ಕಡೆಗಲ್ಲ, ನೆಲದ ಕಡೆಗೆ ನೋಡುತ್ತಿದ್ದರು.

ಮತ್ತೊಮ್ಮೆ, ಗಟ್ಟಿಯಾಗಿ ತಟ್ಟಿದಳು. ನಗು ನಿಂತಿತು.

"ಯಾರದು?"

"ನಾನು, ನೆವ್ರಾ. ಮೊನ್ನೆ ಯಾಕೂಪ್ ತಾತ ನಿಮ್ಮ ಹತ್ರ ಕೇಳಿದ್ರಲ್ಲ, ಅದನ್ನ ನಾನು ಕೇಳಬೇಕಿತ್ತು."