ಆರ್ವಿಡ್‌ನ ಕಲಿಯುವ ಡಬ್ಬಿ

ಆರ್ವಿಡ್ ಸ್ಟೆನ್ಸ್‌ರುಡ್‌ನ ಬೈಕು ಸಿಡಿಯಲು ಶುರುಮಾಡಿದ್ದು ಏಪ್ರಿಲ್ ಎರಡನೆಯ ವಾರ, ಅವನು ತನ್ನ ಕೈಯಾರೆ ಹೊಸ ಸೈಲೆನ್ಸರ್ ಕೊಳವೆಗಳನ್ನು ಕೂರಿಸಿದ ಮರುದಿನ. ಓಡುವಾಗ ಏನೂ ತಕರಾರಿಲ್ಲ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮಾತ್ರ ಹಿಂದಿನಿಂದ ಪಟ್, ಪಟಾರ್, ಪಟ್. ಸೈಲೆನ್ಸರ್ ಎಂದು ಅದಕ್ಕೆ ಹೆಸರಿಟ್ಟ ಪುಣ್ಯಾತ್ಮ ಇದನ್ನು ಕೇಳಿರಲಿಕ್ಕಿಲ್ಲ.

ಚಳಿಗಾಲವಿಡೀ ಕೌಂಟಿಯ ಹಿಮ ಬಳಿಯುವ ಲಾರಿ ಓಡಿಸುವ ಆರ್ವಿಡ್‌ಗೆ ಐವತ್ತೆಂಟು ವರ್ಷ. ಅವನ ಗಂಟಲಲ್ಲಿ ಇಡೀ ಸ್ಪಿಯರ್‌ಫಿಶ್ ಊರು ವಾಸವಾಗಿತ್ತು. ರೇಡಿಯೋದಲ್ಲಿ ಹವಾಮಾನ ಓದುವವಳ ಮೂಗು, ಮೇಲ್ವಿಚಾರಕನು ಬೈಯುವ ಮುನ್ನ ಕೆಮ್ಮುವ ಕೆಮ್ಮು, ಪಾದ್ರಿ ಪ್ರಾರ್ಥನೆಯ ನಡುವೆ ನುಂಗಿಕೊಳ್ಳುವ ಆಕಳಿಕೆ, ಎಲ್ಲವನ್ನೂ ಅವನು ಒಂದು ಸಲ ಕೇಳಿದರೆ ಸಾಕು, ಮಾಡಿಬಿಡುತ್ತಿದ್ದ. ತನ್ನ ಬೈಕಿನ ಸಿಡಿತವನ್ನಂತೂ ಎರಡೇ ದಿನಕ್ಕೆ ಕಲಿತ. ಬೈಕು ನಿಂತಿದ್ದರೂ ಸಿಡಿಯುತ್ತಿದೆಯೆಂದು ಪಕ್ಕದ ಮನೆಯವರು ದೂರಿದ್ದು ಆಗಲೇ.

ಆದರೆ ಅದರಲ್ಲಿ ನಗುವ ಸಂಗತಿ ಬೇಗ ಮುಗಿಯಿತು. ಹದಿನಾರು ಬೈಕುಗಳ ರೆಡ್‌ವಾಟರ್ ರೈಡರ್ಸ್ ತಂಡದಲ್ಲಿ ಹನ್ನೊಂದು ವರ್ಷದಿಂದ ಮುಂದಾಳು ಆರ್ವಿಡ್. ಆ ವರ್ಷದ ಮೊದಲ ಸವಾರಿಯಲ್ಲಿ ಪೆಟ್ರೋಲ್ ಬಂಕಿನೊಳಗೆ ತಿರುಗಿ ಆಕ್ಸಿಲರೇಟರ್ ಬಿಟ್ಟಾಗ ಬೈಕು ಮೂರು ಸಲ ಸಿಡಿಯಿತು. ಎರಡು ಸಲ ಯುದ್ಧಕ್ಕೆ ಹೋಗಿ ಬಂದಿದ್ದ ಮರ್ಲ್ ಎಂಬ ಹಿರಿಯ ಸವಾರ, ಕೈಯಲ್ಲಿದ್ದ ಕಾಫಿ ಬಿಟ್ಟು ಪಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಯಾರೂ ನಗಲಿಲ್ಲ. ಮರ್ಲ್ ಎದ್ದು, ಪ್ಯಾಂಟು ಕೊಡವಿಕೊಂಡು, ಇನ್ನೊಂದು ಕಾಫಿ ತರಲು ಒಳಗೆ ಹೋದ.

ಮೇ ಕೊನೆಯ ಸೋಮವಾರ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಮೆಮೋರಿಯಲ್ ಡೇ. ಆ ದಿನ ತಂಡ ಸ್ಟರ್ಜಿಸ್ ಬಳಿಯ ಸೈನಿಕರ ಸ್ಮಶಾನಕ್ಕೆ ಹೋಗುವುದು ರೂಢಿ. ಗೇಟಿನ ಬಳಿ ಎಲ್ಲರೂ ಆಕ್ಸಿಲರೇಟರ್ ಬಿಟ್ಟು, ಬಾವುಟಗಳ ನಡುವೆ, ಮಡಚುವ ಕುರ್ಚಿಗಳಲ್ಲಿ ಕೂತ ಮುದಿ ಸಿಪಾಯಿಗಳ ಮುಂದೆ ನಡಿಗೆಯ ವೇಗದಲ್ಲಿ ಸಾಗಬೇಕು. ಬಿಟ್ಟಾಗಲೇ ಸಿಡಿಯುವ ಬೈಕು ಅಲ್ಲಿ ಎಲ್ಲರಿಗಿಂತ ಮುಂದೆ.

ತಂಡದಲ್ಲಿ ಎರಡನೆಯ ಸ್ಥಾನ ವಾಂಡಾ ಕುಚೇರಾಳದು. ಶಾಲಾ ಬಸ್ಸಿನ ಚಾಲಕಿ. ಐವತ್ತು ಮಕ್ಕಳನ್ನು ಕನ್ನಡಿಯಲ್ಲೇ ಅಂಕೆಯಲ್ಲಿಡುವ ಹೆಂಗಸು. ಅವಳು ಹೇಳಿದ್ದು ಒಂದೇ ಮಾತು.

"ಅಷ್ಟರೊಳಗೆ ಅದರ ಬಾಯಿ ಮುಚ್ಚಿಸು ಆರ್ವಿಡ್. ಆಗ್ಲಿಲ್ವಾ, ನಾನು ಮುಂದೆ ಹೋಗ್ತೀನಿ. ನೀನು ಗೇಟಿನ ಆಚೆ ನಿಂತು ಕಾಯ್ತಿರು."

ಕಾಯಿಲೆ ಏನೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಷ್ಟು ಗಾಳಿ ಬಂದರೆ ಎಷ್ಟು ಪೆಟ್ರೋಲ್ ಚಿಮುಕಿಸಬೇಕೆಂಬ ಕೋಷ್ಟಕವೊಂದು ಬೈಕಿನ ಪುಟ್ಟ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ಬರೆದದ್ದು ಹಳೆಯ ಕೊಳವೆಗಳಿಗೆ. ಹೊಸವು ಹೆಚ್ಚು ಗಾಳಿ ಎಳೆಯುತ್ತವೆ, ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದ್ದೇ. ಈ ಕೋಷ್ಟಕ ತಿದ್ದಲು ಒಂದು ಟ್ಯೂನರ್ ಬೇಕು. ಯಾವುದು ಎಂದು ಕೇಳಿದ್ದೇ ತಪ್ಪಾಯಿತು. ಊರಿನಲ್ಲಿ ತಂತಮ್ಮ ಟ್ಯೂನರಿನ ಬಗ್ಗೆ ಇರುವ ನಿಷ್ಠೆ ಚರ್ಚಿನ ಬಗ್ಗೆಯೂ ಇರಲಿಲ್ಲ.

ಬಿಡಿಭಾಗದಂಗಡಿಯ ಡೆಲ್ ತೋರಿಸಿದ್ದು ಬೆಂಕಿಪೊಟ್ಟಣದಷ್ಟಿನ ಡಬ್ಬಿ. ಅದು ಕಂಪ್ಯೂಟರಿಗೂ ಎಂಜಿನ್ನಿಗೂ ನಡುವೆ ಕೂತು, ಹೋಗಿಬರುವ ಸಂದೇಶಗಳನ್ನು ಚೂರು ತಿರುಚುತ್ತದೆ. ಕಂಪ್ಯೂಟರು ತಾನು ಹಳೆಯ ಬೈಕನ್ನೇ ನಡೆಸುತ್ತಿದ್ದೇನೆಂದು ನೆಮ್ಮದಿಯಾಗಿರುತ್ತದೆ. ಅಗ್ಗ, ಅರ್ಧ ಗಂಟೆಯ ಕೆಲಸ. ಆರ್ವಿಡ್‌ಗೆ ಅದೇಕೋ ಹಿಡಿಸಲಿಲ್ಲ. ಗಾಳಿಯ ವಿಷಯದಲ್ಲಿ ಗಾಳಿಸುದ್ದಿ ಹಬ್ಬಿಸುವ ಡಬ್ಬಿಯನ್ನು ಸೀಟಿನಡಿ ಇಟ್ಟುಕೊಂಡು ಊರು ಸುತ್ತುವುದು ಹೇಗೆ?

ವಾಂಡಾಳದು ಇನ್ನೊಂದು ಬಗೆ. ಅದು ಹಳೆಯ ಕೋಷ್ಟಕವನ್ನೇ ಅಳಿಸಿ ಹೊಸದು ಬರೆಯುತ್ತದೆ. ಬರೆದ ಮೇಲೆ ಅದೊಂದೇ ಬೈಕಿಗೆ ಕಟ್ಟುಬೀಳುತ್ತದೆ. ಬೇರೆಯದಕ್ಕೆ ಸಿಕ್ಕಿಸಿದರೆ ತುಟಿ ಪಿಟಕ್ಕೆನ್ನುವುದಿಲ್ಲ. ಎರಡು ಸಲ ಗಂಡಂದಿರನ್ನು ಬಿಟ್ಟಿದ್ದ ವಾಂಡಾ ಅದನ್ನು ತಟ್ಟಿ, "ನಾನು ಕಟ್ಕೊಂಡಿದ್ರಲ್ಲಿ ಕೈಕೊಡದೆ ಇರೋದು ಇದೊಂದೇ" ಎಂದಳು. ಆದರೆ ಆ ಕೋಷ್ಟಕವನ್ನು ಬೇರೆ ಯಾರೋ ಬರೆದುಕೊಡಬೇಕು. ಆ ಯಾರೋ ಎಂಬುವವನು ತನ್ನ ಬೈಕಿನ ಬಗ್ಗೆ ಏನು ಬಲ್ಲ ಎಂಬ ಪ್ರಶ್ನೆ ಆರ್ವಿಡ್‌ನನ್ನು ಕೊರೆಯಿತು.

ಮೂರನೆಯದರ ಬಗ್ಗೆ ಓದಿದಾಗ ಅವನ ಕಿವಿ ನೆಟ್ಟಗಾಯಿತು. ಎರಡು ಕೊಳವೆಗಳಲ್ಲೂ ಒಂದೊಂದು ಮೂಗು, ಅಂದರೆ ಸೆನ್ಸರ್. ಅವು ಹೊಗೆ ಮೂಸಿ, ಗಾಳಿ ಹೆಚ್ಚಿತ್ತೋ ಪೆಟ್ರೋಲ್ ಹೆಚ್ಚಿತ್ತೋ ಎಂದು ಡಬ್ಬಿಗೆ ವರದಿ ಮಾಡುತ್ತವೆ. ಡಬ್ಬಿ ಓಡುತ್ತ ಓಡುತ್ತಲೇ ಕೋಷ್ಟಕ ತಿದ್ದಿಕೊಳ್ಳುತ್ತದೆ. ಶ್ರುತಿ ಹಿಡಿಯುವುದಲ್ಲದೆ ಸ್ಮೃತಿಯನ್ನೂ ಇಟ್ಟುಕೊಳ್ಳುವ ಪೆಟ್ಟಿಗೆ. ಕೇಳಿ, ಮೂಸಿ, ಅನುಕರಿಸಿ ಕಲಿಯುವ ಜೀವಿಯೊಂದು ತನ್ನ ಜಾತಿಯದೇ ಎಂದು ಅವನಿಗನ್ನಿಸಿತು. ಅದನ್ನೇ ತರಿಸಿದ.

ಪ್ರತಿ ಸಂಜೆ ಸವಾರಿ ಮುಗಿಸಿ, ಫೋನಿನಲ್ಲಿ ಕೋಷ್ಟಕ ತೆರೆದು ಕೂರುವುದು ಅಭ್ಯಾಸವಾಯಿತು. ಒಂದೊಂದು ವೇಗಕ್ಕೂ ಒಂದೊಂದು ಮನೆ, ಮನೆಯಲ್ಲೊಂದು ಅಂಕಿ. ಎಂಜಿನ್ನಿನ ಎರಡು ಸಿಲಿಂಡರುಗಳಲ್ಲಿ ಹಿಂದಿನದು ಎರಡೇ ದಿನದಲ್ಲಿ ತೃಪ್ತಿಯಾಗಿ ಸುಮ್ಮನಾಯಿತು. ಮುಂದಿನದು ಮಾತ್ರ ದಿನ ಹೋದಂತೆ ಇನ್ನಷ್ಟು ಬಡಿಸು ಎನ್ನುತ್ತಿತ್ತು. ಮುನ್ನೂರು ಮೈಲಿ ಓಡಿದ ಮೇಲೆ ಹೊಗೆಯಲ್ಲಿ ಪೆಟ್ರೋಲಿನ ವಾಸನೆ, ಸ್ಪಾರ್ಕ್ ಪ್ಲಗ್ಗು ಕಾಡಿಗೆ ಬಳಿದಂತೆ ಕಪ್ಪು. ಸಿಡಿತ ಕಡಿಮೆಯಾಗುವುದಿರಲಿ, ಇನ್ನೂ ಜೋರಾಯಿತು. ಒಂದೇ ಎಂಜಿನ್, ಒಂದೇ ಪೆಟ್ರೋಲ್, ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಈ ಹಸಿವು ಯಾಕೆ? ಗೇಟಿನ ಚಿಂತೆಯನ್ನು ಈ ಪ್ರಶ್ನೆ ಆಗಾಗ ಮರೆಸುತ್ತಿತ್ತು. ಸವಾರಿಗೆ ಒಂಬತ್ತು ದಿನ ಉಳಿದಾಗ ಚಿಂತೆ ಮತ್ತೆ ಮೇಲೆದ್ದು, ಅವನು ವೈಟ್‌ವುಡ್‌ನ ಬೈಕು ಮೆಕ್ಯಾನಿಕ್ ಸಿಲಾಸ್ ರೌಬಿಡೋನ ಶೆಡ್ಡಿಗೆ ಹೋದ.

ಸಿಲಾಸ್‌ನ ಶೆಡ್ಡಿನಲ್ಲಿ ಒಂದು ಪದ್ಧತಿ. ಬೈಕು ತಂದವರು ಅದನ್ನು ಚಾಲೂ ಮಾಡುವಂತಿಲ್ಲ. ಮೊದಲು ಅದರ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಇಲ್ಲಿಗೆ ಬಂದರೆ ಬೈಕು ನಾಚಿಕೊಂಡು ಸಭ್ಯವಾಗಿಬಿಡುತ್ತದೆ, ಸವಾರ ನಾಚುವುದಿಲ್ಲ ಎಂಬುದು ಅವನ ವಾದ. ಬ್ಯಾಂಕಿನ ಮ್ಯಾನೇಜರ್ ಕೂಡ ಅಲ್ಲಿ ಕೆನ್ನೆಯುಬ್ಬಿಸಿ ಬುರ್ರೆಂದು ಹೋದವನೇ.

ಆರ್ವಿಡ್ ಫೋನು ತೆಗೆದು ಅಂಕಿಗಳನ್ನು ತೋರಿಸಲು ಹೋದ. ಸಿಲಾಸ್ ಅತ್ತ ನೋಡಲೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗಿನಿಂದ ಶುರುಮಾಡು ಎಂದು, ತೂತುಬಿದ್ದ ಬಕೆಟ್ಟನ್ನು ಬೋರಲು ಹಾಕಿ ಕೂತ.

ಆರ್ವಿಡ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಸ್ಟಾರ್ಟರಿನ ಕಿರಿಕಿರಿ, ಎಂಜಿನ್ ಎದ್ದು ಗುಡುಗುಟ್ಟುವುದು, ಹೊರಡುವುದು, ಏರು, ಇಳಿಜಾರು, ಆಕ್ಸಿಲರೇಟರಿನಿಂದ ಕೈ ಬಿಡುವುದು, ಪಟ್ ಪಟಾರ್. ಒಳ್ಳೆಯ ಪ್ರದರ್ಶನವೇ ಆಯಿತು. ಸಿಲಾಸ್ ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಮೊದಲಿಂದ ಎಂದ. ಎರಡನೆಯ ಸಲ ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದ.

"ಮಧ್ಯದಲ್ಲಿ ಒಂದು ಟಿಸ್ಕ್ ಅಂತ ಹಾಕ್ತಿದ್ದೀಯಲ್ಲ, ಅದೇನು?"

"ಯಾವ ಟಿಸ್ಕ್?"

"ಗುಡು ಟಿಸ್ಕ್, ಗುಡು ಟಿಸ್ಕ್. ಚೆಂದ ಕಾಣ್ಲಿ ಅಂತ ನೀನೇ ಸೇರಿಸಿದ್ದಾ?"

ಆರ್ವಿಡ್ ಮತ್ತೆ ಮಾಡಿ, ತನ್ನ ಬಾಯನ್ನು ತಾನೇ ಕೇಳಿಸಿಕೊಂಡ. ಹೌದು, ಇತ್ತು. ತಲೆಗೆ ತಿಳಿಯದ್ದನ್ನು ನಾಲಿಗೆ ಆರು ವಾರದ ಹಿಂದೆಯೇ ಕಲಿತಿತ್ತು.

"ನಾನು ಸೇರಿಸಿದ್ದಲ್ಲ," ಎಂದ ನಿಧಾನವಾಗಿ. "ಅದು ಅದರೊಳಗೇ ಇದೆ."

"ಬಿಸಿ ಆದ್ಮೇಲೆ?"

ಆರ್ವಿಡ್ ಕಣ್ಣು ಮುಚ್ಚಿ, ಬಾಯಲ್ಲೇ ಐದು ಮೈಲಿ ಓಡಿಸಿದ. ಟಿಸ್ಕ್ ಸಣ್ಣಗಾಗುತ್ತ ಬಂದು, ಕರಗಿಹೋಯಿತು. ಕಬ್ಬಿಣ ಕಾದು ಹಿಗ್ಗಿದರೆ ಸಂದು ಚಿಕ್ಕದಾಗುತ್ತದೆ ಎಂದು ಸಿಲಾಸ್ ಗೋಡೆಯಲ್ಲಿದ್ದ ವ್ಯಾಕ್ಯೂಮ್ ಕ್ಲೀನರ್ ಇಳಿಸಿದ. ಕಸ ಎಳೆಯುವ ಬದಲು ಗಾಳಿ ಊದುವ ಕಡೆಗೆ ಅದರ ಪೈಪನ್ನು ಸಿಕ್ಕಿಸಿ, ಸೈಲೆನ್ಸರಿನ ಬಾಯಿಗೆ ತುರುಕಿ, ಸುತ್ತ ಚಿಂದಿ ಬಟ್ಟೆ ಒತ್ತಿದ. ಆರ್ವಿಡ್‌ನ ಕೈಗೆ ಸೋಪುನೀರಿನ ಬಾಟಲಿ ಬಂತು. ಕೊಳವೆ ಎಂಜಿನ್ನಿಗೆ ಸೇರುವ ಕಡೆಗೆಲ್ಲ ಚಿಮುಕಿಸುತ್ತ ಹೋದ. ಹಿಂದಿನ ಸಿಲಿಂಡರಿನಲ್ಲಿ ನೀರು ಸುಮ್ಮನೆ ಇಳಿಯಿತು. ಮುಂದಿನದರ ಕೊರಳಲ್ಲಿ ಒಂದು ಗುಳ್ಳೆ ಎದ್ದು, ಕಾಮನಬಿಲ್ಲಿನ ಬಣ್ಣ ತೋರಿಸಿ, ಒಡೆಯಿತು. ಬೆನ್ನಿಗೇ ಇನ್ನೊಂದು. ಆಮೇಲೆ ನೊರೆಯೇ ನೊರೆ. ಮಂಡಿಯೂರಿದ್ದ ಆರ್ವಿಡ್ ಬೆಪ್ಪಾಗಿ ನೋಡಿದ, ಆದರೆ ಸಂತೋಷದ ಬೆಪ್ಪು. ಹಸಿವಿನ ಗುಟ್ಟು ಕಣ್ಣೆದುರೇ ಉಕ್ಕುತ್ತಿತ್ತು.

"ಕೊಳವೆ ಕೂರಿಸುವಾಗ ಗ್ಯಾಸ್ಕೆಟ್ ಎರಡೂ ಹೊಸವು ಹಾಕಿದ್ಯಾ?" ಸಿಲಾಸ್ ಕೇಳಿದ.

ಆರ್ವಿಡ್ ತಲೆ ಕೆರೆದುಕೊಂಡ. ಸಂದು ಮುಚ್ಚುವ ಆ ಬಳೆಗಳಲ್ಲಿ ಹಿಂದಿನದು ಹಳೆಯ ಕೊಳವೆಯ ಜೊತೆಗೇ ಕಿತ್ತು ಬಂದಿತ್ತು, ಅಲ್ಲಿಗೆ ಹೊಸದು ಹಾಕಿದ್ದ. ಮುಂದಿನದು ತೂತಿನೊಳಗೇ ಅಂಟಿಕೊಂಡಿತ್ತು. ಬೆರಳಾಡಿಸಿ ನೋಡಿದಾಗ ಗಟ್ಟಿಯಾಗಿಯೇ ಇತ್ತು.

"ಪೊಟ್ಟಣದಲ್ಲಿ ಒಂದು ಮಿಕ್ಕಿತು," ಎಂದ. "ಕಂಪನಿಯವ್ರು ಒಂದು ಹೆಚ್ಚಿಗೆ ಕೊಟ್ಟಿದ್ದಾರೆ, ಒಳ್ಳೇ ಜನ ಅಂದ್ಕೊಂಡೆ."

ಸಿಲಾಸ್ ನಗಲಿಲ್ಲ, ಚಿಂದಿ ಬಟ್ಟೆ ಕೆಳಗಿಟ್ಟು ಹೊರಗೆ ಹೋಗಿ, ನಕ್ಕು ಮುಗಿಸಿ ಬಂದ. ಆಮೇಲೆ ಬಿಡಿಸಿ ಹೇಳಿದ. ಜಜ್ಜಿಹೋದ ಹಳೆಯ ಬಳೆಯ ಸಂದಿನಿಂದ ಹೊರಗಿನ ಗಾಳಿ ಕೊಳವೆಗೆ ನುಗ್ಗುತ್ತಿತ್ತು. ಮೂಗಿಗೆ ಆ ಗಾಳಿಯ ವಾಸನೆ ಬಡಿದು, ಪೆಟ್ರೋಲ್ ಸಾಲದೆಂದು ಡಬ್ಬಿ ಇನ್ನಷ್ಟು ಸುರಿಸುತ್ತಿತ್ತು. ಸುರಿಸಿದ್ದು ಉರಿಯದೆ ಕೊಳವೆಗೆ ಬಂದು, ಅದೇ ಗಾಳಿ ಸಿಕ್ಕಿ ಸಿಡಿಯುತ್ತಿತ್ತು.

"ಡಬ್ಬಿ ದಡ್ಡ ಅಲ್ಲ. ನೀನು ಕಳ್ಳಗಾಳಿ ಮೂಸಿಸಿ ಪಾಠ ಹೇಳ್ಕೊಟ್ಟೆ, ಅದು ಶ್ರದ್ಧೆಯಿಂದ ಕಲೀತು."

ಗಾಳಿಸುದ್ದಿ ಬೇಡವೆಂದು ಡೆಲ್‌ನ ಡಬ್ಬಿಯನ್ನು ತಿರಸ್ಕರಿಸಿದವನು ತಾನೇ ಅಲ್ಲವೇ ಎಂದು ಆರ್ವಿಡ್‌ಗೆ ನೆನಪಾಯಿತು. ಹಾಗಾದರೆ ಬೇರೆ ಎರಡರಲ್ಲಿ ಯಾವುದನ್ನಾದರೂ ಆರಿಸಿದ್ದರೆ ಎಂದು ಕೇಳಿದ. ಆಗಲೂ ಸಿಡಿಯುತ್ತಲೇ ಇರುತ್ತಿತ್ತು, ಇದಾದರೋ ಮುಂದಿನ ಸಿಲಿಂಡರಿನ ಕಡೆ ಬೆರಳನ್ನಾದರೂ ತೋರಿಸಿತು ಎಂದು ಸಿಲಾಸ್, ತುದಿ ಬಾಗಿಸಿದ ಸ್ಕ್ರೂಡ್ರೈವರಿನಿಂದ ಹಳೆಯ ಬಳೆಯನ್ನು ಕೆದಕಿ ತೆಗೆದ. ಹೊಸದನ್ನು ಕೂರಿಸಿದ ಮೇಲೆ, ಡಬ್ಬಿ ಕಲಿತದ್ದನ್ನೆಲ್ಲ ಅಳಿಸಿ ಒಂದನೆಯ ಕ್ಲಾಸಿನಿಂದ ಶುರುಮಾಡಿಸು ಎಂದ.

ಅಂದಿನಿಂದ ಸಿಡಿತ ನಿಂತಿತು. ಕೋಷ್ಟಕದ ಮನೆಗಳು ಒಂದೊಂದಾಗಿ ತುಂಬಿದವು, ಎರಡೂ ಸಿಲಿಂಡರುಗಳು ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಒಂದೇ ಒಂದು ಕಿರಿಕಿರಿ ಉಳಿಯಿತು. ಎಡಗಡೆಯ ಮೂಲೆಯಲ್ಲಿ ಮೂವತ್ತೊಂದು ಮನೆಗಳು ಖಾಲಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು, ಥಟ್ಟನೆ ಬಿಡುವಾಗಿನ ಮನೆಗಳವು. ಒಂಟಿಯಾಗಿ ಓಡಿಸುವವನ ಕೈ ಹಾಗೆ ಆಡುವುದೇ ಇಲ್ಲ. ಬೇಕೆಂದೇ ಆಡಿಸಿ ನೋಡಿದ. ಡಬ್ಬಿ ಅದನ್ನು ನಂಬಲಿಲ್ಲವೋ ಏನೋ, ಎರಡು ಮನೆ ಮಾತ್ರ ಮಿನುಗಿ ಮತ್ತೆ ಬರಿದಾದವು.

ಮೆಮೋರಿಯಲ್ ಡೇ ಬೆಳಿಗ್ಗೆ ಕೆಫೆಯ ಅಂಗಳದಲ್ಲಿ ಹದಿನಾರು ಬೈಕುಗಳು. ಕ್ಯಾರಮೆಲ್ ರೋಲ್ ತಿಂದ ಅಂಟು ಬೆರಳುಗಳನ್ನು ನೆಕ್ಕುತ್ತ ವಾಂಡಾ ಪರೀಕ್ಷೆಗೆ ನಿಂತಳು. ಮರ್ಲ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಆರ್ವಿಡ್ ಅಂಗಳದ ಆಚೆ ತುದಿಯಿಂದ ಬಂದು ಕೈ ಬಿಟ್ಟ. ಮೂರು ಸಲ. ಗುಡುಗುಡು ತಗ್ಗಿತು, ಅಷ್ಟೇ.

"ಈಗ ಬೈಕಿನ ಹಾಗಿದೆ," ಎಂದ ಮರ್ಲ್. ಕಾಫಿ ಕೈಯಲ್ಲೇ ಇತ್ತು.

ವಾಂಡಾ ಸಾಲಿನ ತಲೆಯಲ್ಲಿದ್ದ ತನ್ನ ಬೈಕನ್ನು ಹಿಂದಕ್ಕೆ ತಳ್ಳತೊಡಗಿದಳು. ಆರ್ವಿಡ್ ಮುಂದೆ ಬರಲಿಲ್ಲ. ಫೋನು ತೆರೆದು ಆ ಮೂಲೆಯನ್ನು ನೋಡುತ್ತ ನಿಂತಿದ್ದ. ಆಮೇಲೆ, ಸಾಲಿನ ಕೊನೆಯಲ್ಲಿರುವವನ ಕೈ ಹೇಗೆ ಆಡುತ್ತದೆಂದು ಅವಳನ್ನು ಕೇಳಿದ.

"ಎಲ್ಲಿ ಆಡುತ್ತೆ, ಕುಣಿಯುತ್ತೆ. ಕೊಡು, ಬಿಡು, ಕೊಡು, ಬಿಡು. ಮುಂದೆ ನಿನಗೆ ಸೀನು ಬಂದ್ರೆ ಬಾಲದಲ್ಲಿರೋನಿಗೆ ನ್ಯುಮೋನಿಯಾ."

"ಹಾಗಾದ್ರೆ ಇವತ್ತು ಬಾಲ ನಾನು."

ವಾಂಡಾ ಬೈಕು ತಳ್ಳುವುದನ್ನು ನಿಲ್ಲಿಸಿದಳು. "ಹನ್ನೊಂದು ವರ್ಷ ಆ ಜಾಗಕ್ಕೆ ಗೋಂದು ಹಚ್ಕೊಂಡು ಕೂತಿದ್ದವನು ನೀನು. ಹುಷಾರಾಗಿದ್ದೀಯಾ?"

"ಮೂವತ್ತೊಂದು ಮನೆ ಖಾಲಿ ಇದೆ ವಾಂಡಾ. ಏನಿರ್ಬೋದು ಅಂತ ನೋಡ್ಬೇಕು."

ಹೀಗೆ ಆ ವರ್ಷ ಗೇಟಿನೊಳಗೆ ಮೊದಲು ಹೋದವಳು ವಾಂಡಾ. ಹದಿನೈದು ಬೈಕುಗಳು ಒಂದರ ಹಿಂದೊಂದು ಕೈ ಬಿಡುವುದನ್ನು ಆರ್ವಿಡ್ ಹಿಂದಿನಿಂದ ಕೇಳಿದ. ಮುಂದಿದ್ದವನಿಗೆ ಇಷ್ಟು ವರ್ಷ ಕೇಳಿದ್ದು ತನ್ನದೊಂದೇ ಸದ್ದು. ಈಗ ನೋಡಿದರೆ ಒಬ್ಬೊಬ್ಬರದೂ ಬೇರೆ: ಒಂದು ಗೊರಕೆ ಹೊಡೆಯುತ್ತಿತ್ತು, ಒಂದು ಗೊಣಗುತ್ತಿತ್ತು, ಮರ್ಲ್‌ನದು ಎರಡು ಗುಡುಗಿಗೊಮ್ಮೆ ಉಸಿರು ಹಿಡಿಯುತ್ತಿತ್ತು. ಅವನ ಸರದಿ ಬಂತು. ಕೈ ಬಿಟ್ಟ. ಬಾವುಟಗಳು ಪಟಪಟಿಸುವುದು ಕೇಳುವಷ್ಟು ಬೈಕಿನ ಸದ್ದು ತಗ್ಗಿತು. ಕುರ್ಚಿಯಲ್ಲಿದ್ದ ಒಬ್ಬ ಮುದುಕ, ಸಾಲು ಮುಗಿಯಿತೆಂದು ತಿಳಿದು, ಟೋಪಿಯ ಅಂಚು ಮುಟ್ಟಿದ.

ಆಮೇಲಿನದು ಡೆಡ್‌ವುಡ್ ದಾಟಿ ಬೆಟ್ಟದ ತಿರುವುಗಳ ದಾರಿ. ಬಾಲ ಎಳೆದಾಡಿತು, ಆರ್ವಿಡ್‌ನ ಕೈ ಕುಣಿಯಿತು. ಮಧ್ಯಾಹ್ನ ಚೆಯೆನ್ ಕ್ರಾಸಿಂಗ್‌ನಲ್ಲಿ ಊಟಕ್ಕೆ ಕೂತಾಗ ಅವನು ಒಂದೊಂದೇ ಬೈಕಿನ ಸದ್ದು ಮಾಡತೊಡಗಿದ. ಯಾರದೆಂದು ಮೇಜು ಊಹಿಸಬೇಕು. ಹದಿನೈದೂ ಸರಿಯಾಗಿ ಬಂತು. ಹದಿನಾರನೆಯದು ನಯವಾದ, ಒಂದೇ ಸಮನಾದ ಗುಡುಗು, ಕೊನೆಗೊಂದು ಉಸಿರು. ಯಾರಿಗೂ ಗುರುತು ಹತ್ತಲಿಲ್ಲ.

"ಅವನದೇ," ಎಂದ ಮರ್ಲ್, ತಟ್ಟೆಯಿಂದ ತಲೆಯೆತ್ತದೆ.

ವಾಂಡಾ ಆರ್ವಿಡ್‌ನ ಫೋನನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಎಡ ಮೂಲೆ ತುಂಬಿತ್ತು, ನಾಲ್ಕು ಮನೆಗಳ ಹೊರತು. ಮನೆಗೆ ಮರಳುವಾಗಲಾದರೂ ಮುಂದೆ ಬರುತ್ತೀಯಾ ಎಂದು ಕೇಳಿದಳು.

ಆರ್ವಿಡ್ ಹೆಲ್ಮೆಟ್ ತೊಟ್ಟು ಆಗಲೇ ಎದ್ದಿದ್ದ. ನಾಲ್ಕು ಬೆರಳು ತೋರಿಸಿ, ಸಾಲಿನುದ್ದಕ್ಕೂ ನಡೆದು, ಕೊನೆಯ ಬೈಕಿನ ಬಳಿ ನಿಂತ.