ಖಾಲಿಯ ಅಳತೆ

ಬ್ಯಾಟರಿ ಹಾಕಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಎಲ್ಡನ್ ಸರಿಯಲಿಲ್ಲ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ, ಹೊಸ ಬೀಗದ ಕರಿಯ ಬಿಲ್ಲೆಗೆ ಎಡಗೈ ಅಂಗೈ ಒತ್ತಿಕೊಂಡು ಹಾಗೆಯೇ ನಿಂತಿದ್ದ. ಒಳಗೆ ಮಲಗುವ ಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ ಎಳೆದ ಸದ್ದು. ಅರ್ಧಕ್ಕೆ ಬಂದು ನಿಂತಿತು. ಅವನು ಕಿವಿಗೊಟ್ಟ. ಮುಂದುವರಿಯಿತು.

ಅಷ್ಟರಲ್ಲಿ ಬಿಲ್ಲೆ ತಾನು ಕಲಿಯಬೇಕಾದ್ದನ್ನು ಕಲಿತುಬಿಟ್ಟಿತ್ತು.

ಕಾರ್ಡ್ ಓದುವ ಆ ಬಿಲ್ಲೆಗೆ ಹಗಲಿರುಳೂ ನಿದ್ದೆಯೇ ಕೆಲಸ. ಸೆಕೆಂಡಿಗೆ ಎರಡು ಸಲ ಅರೆಗಣ್ಣು ತೆರೆದು ಎದುರಿನ ಗಾಳಿಯನ್ನು ತಡವಿ ನೋಡುತ್ತದೆ. ಖಾಲಿಯಿದ್ದರೆ ಮತ್ತೆ ಮಲಗುತ್ತದೆ. ಖಾಲಿ ಕದಡಿದ್ದರೆ ಮಾತ್ರ ಪೂರ್ತಿ ಎದ್ದು, ಹಸಿರು ದೀಪ ಮಿಟುಕಿಸಿ, ಕಾರ್ಡ್ ಹುಡುಕುತ್ತದೆ. ಅದಕ್ಕೇ ಒಂದು ಬ್ಯಾಟರಿ ಎರಡು ವರ್ಷ ಬರುವುದು. ಆದರೆ ಖಾಲಿ ಎಂದರೆ ಹೇಗಿರುತ್ತದೆ ಎಂದು ಅದಕ್ಕೆ ಒಂದು ಸಲ, ಬ್ಯಾಟರಿ ಹಾಕಿದ ಕೂಡಲೇ, ತೋರಿಸಿಕೊಡಬೇಕು.

ಅದಕ್ಕೆಂದೇ ಅವನಿದ್ದ ಬೀಗದ ಕಾರ್ಖಾನೆಯಲ್ಲಿ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದರು. ಬ್ಯಾಟರಿ ಹಾಕಿದವರು ಪಟ್ಟಿಯಾಚೆಗೆ ಓಡಿ ಉಸಿರು ಬಿಗಿಹಿಡಿದು ನಿಲ್ಲುವರು. "ಸರೀರಪ್ಪಾ, ಕೂಸು ಕಣ್ಣು ಬಿಡ್ತಿದೆ. ನಿಮ್ಮ ಮೂತಿ ನೋಡಿ ಇದೇ ಲೋಕ ಅಂದ್ಕೊಂಡೀತು," ಎನ್ನುವನು ಮೇಸ್ತ್ರಿ ರಸೆಲ್. ಎಲ್ಲರೂ ನಗುವರು. ಆ ನಿಯಮ ಬರೆದ ಎಂಜಿನಿಯರು ಎಲ್ಡನ್. ಇಪ್ಪತ್ತೆರಡು ವರ್ಷ ಅವನೊಬ್ಬ ನಗದೆ ಪಟ್ಟಿಯಾಚೆ ನಿಂತಿದ್ದ.

ಬೆಳಿಗ್ಗೆ ಕಾಫಿ ಬಗ್ಗಿಸುತ್ತ ಹೆಂಡತಿ ಮಾರ್ಲಿಸ್ ಹೇಳಿದ್ದಳು: "ನಾಲ್ಕಕ್ಕೆ ಅಕ್ಕ ಬರ್ತಾಳೆ. ಅವಳ ಜೊತೆ ಅವಳೂರು ಫಾರ್ಗೋಗೆ ಹೋಗ್ತೀನಿ. ತಿರುಗಿ ಬರೋಕಲ್ಲ. ಇರು ಅಂತ ನೀನು ಒಂದು ಮಾತು ಅಂದ್ರೆ ಇರ್ತೀನಿ, ಎಲ್ಡನ್. ಕಾರಣ ಗೀರಣ ಏನೂ ಬೇಡ."

ಅವನು ಕಿಟಕಿಯ ಕಡೆ ನೋಡಿದ್ದ. "ಸಂಜೆ ಹಿಮ ಬೀಳೋ ಹಾಗಿದೆ." ಲೋಟ ಕೆಳಗಿಟ್ಟು, "ನಿನಗೆ ಕೀಲಿಕೈ ಕಳೆಯೋ ಚಾಳಿ. ಇವತ್ತು ಆ ಕಾರ್ಡಿನ ಬೀಗ ಕೂರಿಸಿಬಿಡ್ತೀನಿ," ಎಂದ.

"ಕೂರಿಸು. ನಾನು ಬಂದದ್ದು ಬಾಗಿಲಿಗಾದರೂ ಗೊತ್ತಾಗಲಿ."

ಹಳೆಯ ಬೀಗ ಕಿತ್ತು, ಕೀಲಿಯ ತೂತು ಮುಚ್ಚಿ, ಹೊಸದನ್ನು ಕೂರಿಸುವಷ್ಟರಲ್ಲಿ ಮೂರೂವರೆ. ಇರು ಎನ್ನಬೇಕಾದವನು, "ಬಾ, ಒಂದು ಸಲ ನೋಡು," ಎಂದು ಕರೆದ. ಅವಳು ಹೊರಬಂದು ಬಾಗಿಲು ಎಳೆದುಕೊಂಡಳು. ಅವನು ಮೆಟ್ಟಿಲಿಳಿದು ನಿಂತ. ಹಸಿರು ದೀಪ ಆಗಲೇ ಮಿಟುಕುತ್ತಿತ್ತು.

"ಕಾರ್ಡು ಇನ್ನೂ ಜೇಬಲ್ಲೇ ಇದೆ. ಎದ್ದು ಕೂತಿದೆ ನೋಡು ಇದು," ಎಂದಳು.

"ನಿನ್ನನ್ನ ಕಂಡು."

"ನಾನಿನ್ನೂ ಹತ್ತಿರಾನೇ ಹೋಗಿಲ್ಲ."

ಕಾರ್ಡು ಹಿಡಿದಳು. ಕಟಕ್ಕೆಂದು ಬಾಗಿಲು ತೆರೆಯಿತು. "ಚೆನ್ನಾಗಿದೆ," ಎಂದು ಒಳಗೆ ಹೋದಳು. ಸಾವಿನ ಮನೆಯಲ್ಲೂ ಆ ಊರಿನವರು ಇದೇ ದನಿಯಲ್ಲಿ ಚೆನ್ನಾಗಿದೆ ಎನ್ನುತ್ತಾರೆ.

ಎಲ್ಡನ್ ಮೆಟ್ಟಿಲು ಹತ್ತಿ ಬಿಲ್ಲೆಯ ಮೇಲೆ ಅಂಗೈ ಇಟ್ಟ. ದೀಪ ಆರಿತು. ಕೈ ತೆಗೆದ. ದೀಪ ಮಿಟುಕಿತು. ಇನ್ನೊಮ್ಮೆ ಇಟ್ಟು ನೋಡಿದ. ಅದು ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಈ ಅಂಗೈ. ಅದರ ಪಾಲಿಗೆ ಅವನು ಖಾಲಿ. ಅವನಿಲ್ಲದಾಗ ಯಾರೋ ಬಂದಂತೆ.

ಸರಿಪಡಿಸಲು ಒಂದು ನಿಮಿಷ ಸಾಕು. ಬ್ಯಾಟರಿ ತೆಗೆದು ಹಾಕಿ ನಾಲ್ಕು ಹೆಜ್ಜೆ ಸರಿದರಾಯಿತು. ಅವನು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಕಾರು ಬಂತು.

"ಏನಯ್ಯಾ ಎಲ್ಡನ್," ಎಂದಳು ಮಾರ್ಲಿಸಳ ಅಕ್ಕ ಡೋರೀನ್, ಕಾರಿನಿಂದ ಇಳಿಯದೆ. "ಬಾಗಿಲಿಗೆ ಬುದ್ಧಿ ಹೇಳ್ತಿದ್ದೀಯಾ? ಅದಾದರೂ ಮಾತಾಡ್ತದಾ ನಿನ್ನ ಹತ್ರ?"

"ದಾರಿ ಹೇಗಿತ್ತು?"

"ದಾರಿ ಇದ್ದ ಹಾಗೇ ಇತ್ತು."

ಹೊರಟವರು ಬಾಗಿಲಲ್ಲಿ ಅರ್ಧ ಗಂಟೆ ನಿಂತು ಮಾತಾಡದೆ ಹೋಗುವ ಪದ್ಧತಿ ಆ ಸೀಮೆಯಲ್ಲಿಲ್ಲ. ಮಾರ್ಲಿಸ್ ಸೂಟ್‌ಕೇಸನ್ನು ಕಾರಿಗೆ ಹಾಕಿ ಬಂದು ಮೆಟ್ಟಿಲ ಮೇಲೆ ನಿಂತಳು. ಕೈಗವಸು ತೊಟ್ಟಳು, ಒಂದೊಂದೇ ಬೆರಳು. ಹತ್ತು ಬೆರಳೂ ಮುಗಿದವು.

"ನಿನ್ನ ಕಾರ್ಡು?" ಎಂದ.

"ಮೇಜಿನ ಮೇಲಿಟ್ಟಿದ್ದೀನಿ. ನಿನ್ನದರ ಪಕ್ಕ."

ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಆ ಮಾತು ನಾಲಗೆಯ ತುದಿಗೆ ಬಂದು ಕುಳಿತಿತ್ತು.

"ಸೇತುವೆ ಮೇಲೆ ಜಾರುತ್ತೆ. ನಿಧಾನಕ್ಕೆ ಓಡಿಸೋಕೆ ಹೇಳು."

"ಹೇಳ್ತೀನಿ." ಮೂವತ್ತು ವರ್ಷದ ರೂಢಿ, ಹೋಗುವಾಗ ಬಾಗಿಲೆಳೆದುಕೊಂಡು ಹೋದಳು. ಕಟಕ್ಕೆಂದು ಬೀಗ ಬಿತ್ತು.

ಕಾರು ತಿರುವು ದಾಟಿದ ಮೇಲೆ ಎಲ್ಡನ್‌ಗೆ ಕಾಲು ತಣ್ಣಗಾದದ್ದು ತಿಳಿಯಿತು. ಮನೆಯೊಳಗೆ ಹಾಕುವ ಚಪ್ಪಲಿ. ಕೋಟೂ ಇಲ್ಲ. ಬಾಗಿಲ ಗಾಜಿನಲ್ಲಿ ನೋಡಿದರೆ ಅಡುಗೆಮನೆಯ ಮೇಜು, ಅದರ ಮೇಲೆ ಎರಡು ಕಾರ್ಡು, ಅಕ್ಕಪಕ್ಕ. ಹಿಮ ಬೀಳತೊಡಗಿತ್ತು. ಎದುರುಮನೆಯಲ್ಲಿ ದೀಪ ಹತ್ತಿತು. ಅಲ್ಲಿಗೆ ಹೋಗಿ ಬಾಗಿಲು ತಟ್ಟಬಹುದಿತ್ತು. ಎರಡು ಹೆಜ್ಜೆ ಇಳಿದ.

ಬೆನ್ನ ಹಿಂದೆ ಹಸಿರು ಬೆಳಕು ಹಿಮದ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ಬಾಗಿಲು ಅವನನ್ನು ದಾಟಿ, ಕಾರು ಹೋದ ರಸ್ತೆಯ ಕಡೆ, ಯಾರನ್ನೋ ಹುಡುಕುತ್ತಿತ್ತು. ಹೀಗೆ ಹುಡುಕಿದರೆ ಬ್ಯಾಟರಿ ವಾರವೂ ಬಾರದು.

ಹಿಂದಿರುಗಿದ. ಅಂಗೈಯನ್ನು ಬಿಲ್ಲೆಯ ಮೇಲಿಟ್ಟು ಒತ್ತಿದ.

"ಇರು," ಎಂದ.

ದೀಪ ಆರಿತು.