ಹೊಳೆಗೆ ಅಡ್ಡ ನಿಂತ ಹೆಸರು

ಮುಂಜಾನೆ ಭಿಕ್ಷುಗಳ ಪಾತ್ರೆಗೆ ಅಂಟಕ್ಕಿಯ ಅನ್ನ ನೀಡಿದ ಮೇಲೆ ಇನ್ಪನ್ ಮೇಷ್ಟ್ರು ತೆಂಗಿನ ನಾರಿನ ಬ್ರಷ್ ಹಿಡಿದು ಹೊಳೆಗೆ ಇಳಿಯುತ್ತಿದ್ದರು. ಮೆ ಹೋಮ್ ಹೊಳೆಗೆ ಅಡ್ಡವಾಗಿ ಅವರೇ ಕಟ್ಟಿಸಿದ ಕಾಂಕ್ರೀಟು ಒಡ್ಡಿನ ಮೇಲೆ, ನೀರು ಇಳಿಯುವ ಕಡೆಯ ಮುಖದಲ್ಲಿ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ‘ಸೆಂಗ್ಲಾಳ ಪುಣ್ಯಕ್ಕಾಗಿ’ ಎಂದು ಬರೆದಿತ್ತು. ಪಾಚಿ ಹಿಡಿಯದಂತೆ ದಿನವೂ ಉಜ್ಜಬೇಕು. ಹೆಂಡತಿ ಬದುಕಿದ್ದಾಗ ಒಂದು ಪಾತ್ರೆಯನ್ನೂ ಉಜ್ಜದ ಗಂಡಸು ಈಗ ಅವಳ ಹೆಸರನ್ನು ಉಜ್ಜುತ್ತಿದ್ದಾನೆ ಎಂದು ಬಿದಿರು ಸೇತುವೆಯ ಮೇಲೆ ಹೋಗುವ ಹೆಂಗಸರು ಆಡಿಕೊಳ್ಳುತ್ತಿದ್ದರು.

ಆ ಊರಲ್ಲಿ ಸತ್ತವರಿಗೆ ಪುಣ್ಯ ಸೇರಲೆಂದು ವಿಹಾರಕ್ಕೆ ಏನಾದರೂ ಕೊಟ್ಟು ಅದರ ಮೇಲೆ ಅವರ ಹೆಸರು ಬರೆಸುವುದು ರೂಢಿ. ಬೆಂಚು, ಗಡಿಯಾರ, ಶೌಚಾಲಯದ ಬಾಗಿಲು, ಎಲ್ಲದರ ಮೇಲೂ ಯಾರದೋ ಅಪ್ಪ, ಯಾರದೋ ಅತ್ತೆ. ಫ್ಯಾನಿನ ರೆಕ್ಕೆಯ ಮೇಲಿದ್ದ ಹೆಸರನ್ನು ಮಾತ್ರ ಕರೆಂಟು ಹೋದಾಗ ಓದಿಕೊಳ್ಳಬೇಕಿತ್ತು. ಮೂವತ್ತೆಂಟು ವರ್ಷ ಜೊತೆಗಿದ್ದ ಸೆಂಗ್ಲಾ ತೀರಿಕೊಂಡಾಗ ಮೇಷ್ಟ್ರಿಗೆ ಇವೆಲ್ಲ ತೀರ ಸಣ್ಣವಾಗಿ ಕಂಡವು. ಗದ್ದೆಗೆ ನೀರು ತಿರುಗಿಸಲು ಊರಲ್ಲಿ ಹಳೆಯ ಗೂಟದ ಒಡ್ಡೊಂದಿತ್ತು. ಬಿದಿರಿನ ಗೂಟ ನೆಟ್ಟು ನಡುವೆ ಕಲ್ಲು, ಸೊಪ್ಪು ತುಂಬಿದ್ದು. ಪ್ರತಿ ವರ್ಷ ನೆರೆಗೆ ಅರ್ಧ ಕೊಚ್ಚಿಹೋಗುತ್ತಿತ್ತು, ಪ್ರತಿ ವರ್ಷ ಮನೆಗೊಬ್ಬರು ಬಂದು ಕಟ್ಟುತ್ತಿದ್ದರು. ಮೇಷ್ಟ್ರು ತಮ್ಮ ನಿವೃತ್ತಿಯ ಹಣ ಸುರಿದು ಅಲ್ಲಿ ಕಾಂಕ್ರೀಟು ಎಬ್ಬಿಸಿದರು. ಇನ್ನು ನೂರು ವರ್ಷ ಯಾರೂ ಕಾಲು ಒದ್ದೆ ಮಾಡಿಕೊಳ್ಳಬೇಕಾಗಿಲ್ಲ ಎಂದರು. ಊರೆಲ್ಲ ‘ಸಾಧು’ ಎಂದಿತು.

ಮೂರು ವರ್ಷದ ಮೇಲೆ, ಮಳೆಗಾಲಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ, ಹೊಳೆದಂಡೆಯ ಊರುಗಳಲ್ಲಿ ಸುತ್ತುವ ನದಿ ಚಿತ್ರೋತ್ಸವ ಅಲ್ಲಿಗೆ ಬಂತು. ವಿಹಾರದ ಸಭಾಂಗಣದಲ್ಲಿ ಮಧ್ಯಾಹ್ನವೇ ಪ್ರದರ್ಶನ. ಕತ್ತಲೆ ಬೇಕಲ್ಲ, ಕಿಟಕಿಗಳಿಗೆ ಭಿಕ್ಷುಗಳು ಹೊದೆಯುವ ಚೀವರಗಳನ್ನು ಇಳಿಬಿಟ್ಟರು. ಒಳಗಿದ್ದವರೆಲ್ಲ ಕೇಸರಿ ಬಣ್ಣಕ್ಕೆ ತಿರುಗಿ, ಊರಿನ ಕುಡುಕರೂ ಸಂನ್ಯಾಸಿಗಳಂತೆ ಕಂಡರು. ಮುಖ್ಯ ಅತಿಥಿ ಇನ್ಪನ್ ಮೇಷ್ಟ್ರು. ಬಾಗಿಲಲ್ಲಿ ಕಟ್ಟಿದ್ದ ‘ತಡೆಯಿಲ್ಲದೆ ಹರಿಯುವ ಹೊಳೆಯೇ ಆರೋಗ್ಯದ ಹೊಳೆ’ ಎಂಬ ಬರಹವನ್ನು ಅವರು ಎರಡು ಸಲ ಓದಿ, ಅಕ್ಷರದ ತಪ್ಪಿಲ್ಲವೆಂದು ಒಪ್ಪಿದರು. ಅರ್ಥದ ಕಡೆ ಗಮನ ಹೋಗಲಿಲ್ಲ.

ಉತ್ಸವದ ಕೆಲಸ ಮಾಡುತ್ತಿದ್ದ ಓರತೈ ಅದೇ ಊರಿನ ಹುಡುಗಿ, ಅವರ ಹಳೆಯ ವಿದ್ಯಾರ್ಥಿನಿ. ಬೆಳಗಿನಿಂದ ಅವರ ಹಿಂದೆಯೇ ಸುತ್ತುತ್ತಿದ್ದಳು.

“ಮೇಷ್ಟ್ರೇ, ನನ್ನದೂ ಒಂದು ಸಿನಿಮಾ ಇದೆ. ಮೊದಲೇ ಹೇಳ್ಬಿಡೋಣ ಅಂತ...”

“ಬೆನ್ನು ನೆಟ್ಟಗೆ ಮಾಡಿ ಮಾತಾಡು.”

ಅವಳು ನೆಟ್ಟಗಾದಳು. “ಅದರಲ್ಲಿ ನಿಮ್ಮ ಒಡ್ಡು ಬರುತ್ತೆ.”

“ಬರಲೇಬೇಕು. ಅಕ್ಷರ ಚೆನ್ನಾಗಿ ಕಾಣ್ಸುತ್ತಾ?”

“ಕಾಣ್ಸುತ್ತೆ. ಅದೇ ಕಷ್ಟ.”

“ನಾಲ್ಕು ವರ್ಷ ಗಣಿತದಲ್ಲಿ ಫೇಲಾದವಳು, ಇವತ್ತು ಸಿನಿಮಾ ಮಾಡಿದ್ದೀಯ. ಹೆದರ್ಕೋಬೇಡ” ಎಂದು ಅವಳ ತಲೆ ತಟ್ಟಿ ಒಳಗೆ ನಡೆದರು.

ಅವಳ ಚಿತ್ರ ಏಳು ನಿಮಿಷದ್ದು, ಒಂದು ಮಾತೂ ಇಲ್ಲ. ಪರದೆಯ ಮೇಲೆ ಕಳೆದ ವರ್ಷದ ಮೊದಲ ಮಳೆಯ ಕೆಂಪು ನೀರು. ಆಮೇಲೆ ಒಡ್ಡು. ಸೆಂಗ್ಲಾಳ ಹೆಸರು ಪರದೆಯ ತುಂಬ ಬಂದಾಗ ಮೇಷ್ಟ್ರು ಎದೆಯ ಮೇಲೆ ಕೈ ಕಟ್ಟಿ ಅಕ್ಕಪಕ್ಕ ನೋಡಿದರು. ಅಷ್ಟರಲ್ಲಿ ಕೆಳಗಿಂದ ಒಂದು ಮೀನು ಹಾರಿ ಮೊದಲ ಅಕ್ಷರಕ್ಕೆ ಬಡಿದು ಬಿತ್ತು. ಹಿಂದೆ ಇನ್ನೊಂದು. ಮಕ್ಕಳು ನಕ್ಕರು. ಮೂರನೆಯದು ಸ್ವಲ್ಪ ಮೇಲೆ ಹಾರಿತು.

“ಹಾರು ಹಾರು, ಇನ್ನೊಂದು ಗೇಣು” ಎಂದು ಹಿಂದಿನ ಸಾಲಿನಲ್ಲಿ ಯಾರೋ ಹುರಿದುಂಬಿಸಿದರು. ಅದೂ ಬಿತ್ತು. ಒಂದು ದಪ್ಪ ಮೀನಂತೂ ‘ಪುಣ್ಯ’ ಎಂಬಲ್ಲಿಗೇ ಐದು ಸಲ ಬಡಿಯಿತು. ಸಭಾಂಗಣ ನಗೆಯಲ್ಲಿ ಮುಳುಗಿತು. ಮೇಷ್ಟ್ರೂ ಗೌರವಕ್ಕೆಂದು ತುಸು ನಕ್ಕರು.

ಆಮೇಲೆ ಕ್ಯಾಮೆರಾ ನೀರೊಳಗೆ ಇಳಿಯಿತು. ಗೋಡೆಯ ಬುಡದಲ್ಲಿ, ಹೊಳೆಯ ಮೇಲಕ್ಕೆ ಹೋಗಿ ಇಡಬೇಕಾದ ಮೊಟ್ಟೆಗಳನ್ನು ಹೊಟ್ಟೆತುಂಬ ಹೊತ್ತ ಮೀನುಗಳು ಒತ್ತೊತ್ತಾಗಿ ನಿಂತಿದ್ದವು. ಮೂತಿಗಳು ತರಚಿಹೋಗಿದ್ದವು. ನಗು ತಾನಾಗಿ ನಿಂತಿತು.

ಆ ಮೌನದಲ್ಲಿ ಎದ್ದದ್ದು ಸೆಂಗ್ಲಾಳ ಅಕ್ಕ ಖಾಮ್ಪಾಳ ದನಿ. ಎಂಬತ್ತು ದಾಟಿದ, ಕಿವಿ ಮಂದವಾದ ಆಕೆ ತನ್ನಷ್ಟಕ್ಕೆ ಮೆಲ್ಲಗೆ ಹೇಳಿಕೊಂಡದ್ದು ಬೀದಿಗೂ ಕೇಳಿಸಿತು. “ಬದುಕಿದ್ದಾಗ ದಾರಿಹೋಕರನ್ನ ಉಣ್ಣಿಸದೆ ಕಳಿಸ್ತಿರಲಿಲ್ಲ ನನ್ನ ತಂಗಿ. ಬಸುರಿ ಬಂದ್ರೆ ಚಾಪೆ ಹಾಸ್ತಿದ್ದಳು. ಸತ್ತ ಮೇಲೆ ಅವಳನ್ನ ದಾರಿಗೆ ಅಡ್ಡ ನಿಲ್ಸಿದ್ದಾನೆ ಮಹಾರಾಯ.”

ನೋಡಿದವರೇ ಉತ್ತಮ ಚಿತ್ರವನ್ನು ಆರಿಸಬೇಕು, ಮೆಚ್ಚಿದ ಚಿತ್ರದ ಬುಟ್ಟಿಗೆ ಒಂದೊಂದು ಹೊಳೆಗಲ್ಲು ಹಾಕಬೇಕು. ಓರತೈಯ ಬುಟ್ಟಿಯ ತಳವೇ ಕಿತ್ತುಹೋಯಿತು. ಬಹುಮಾನ ಮರದ ಮೀನು. ಅದನ್ನು ಕೊಡಬೇಕಾದವರು ಮುಖ್ಯ ಅತಿಥಿ. ಮೇಷ್ಟ್ರು ಮೀನನ್ನು ಎತ್ತಿಕೊಂಡರು, ಆದರೆ ಕೈಯಿಂದ ಬಿಡಲಿಲ್ಲ.

“ಎಷ್ಟು ಮೀನು?” ಎಂದರು.

“ಇನ್ನೂರ ಹದಿನೆಂಟು, ಮೇಷ್ಟ್ರೇ. ಒಂದೂ ದಾಟಲಿಲ್ಲ.”

“ಸರಿಯಾಗಿ ಎಣಿಸಿದೆಯಾ?”

“ಮೂರು ಸಲ. ನೀವೇ ಕಲಿಸಿದ್ದು.”

ಅವರು ಮೀನನ್ನು ಅವಳ ಕೈಗಿಟ್ಟು, ಬರೆದು ತಂದಿದ್ದ ಆರು ಪುಟದ ಭಾಷಣವನ್ನು ಮಡಚಿ ಜೇಬಿಗೆ ಸೇರಿಸಿದರು. ಊರು ಅದಕ್ಕಾಗಿ ಓರತೈಯನ್ನು ಮತ್ತಷ್ಟು ಮೆಚ್ಚಿಕೊಂಡಿತು.

ಜನ ಚದುರಿದ ಮೇಲೆ ಅವರು ವಿಹಾರದ ಹಿರಿಯ ಭಿಕ್ಷುವಿನ ಎದುರು ಕುಳಿತರು. “ಭಂತೇ, ಒಡೆದ್ರೆ ಅವಳ ಪುಣ್ಯ ಏನಾಗುತ್ತೆ? ಬಿಟ್ರೆ ಏನಾಗುತ್ತೆ? ನಲವತ್ತು ಮನೆ ಗದ್ದೆಗೆ ನೀರು ಹೋಗೋದು ಅಲ್ಲಿಂದಲೇ. ನಾನು ಕೆಟ್ಟದ್ದು ಬಯಸಿ ಕಟ್ಟಲಿಲ್ಲ.”

“ಬಯಸಿದ್ದು ಒಳ್ಳೇದೇ. ಮೀನಿಗೆ ಓದಕ್ಕೆ ಬರಲ್ಲ, ಅಷ್ಟೇ” ಎಂದರು ಭಿಕ್ಷು. “ಉಳಿದದ್ದನ್ನ ನನ್ನ ಕೇಳ್ಬೇಡಿ. ಆಕೆಯನ್ನ ಬಲ್ಲವರನ್ನ ಕೇಳಿ.”

ಬಲ್ಲವಳು ಖಾಮ್ಪಾ, ವಿಹಾರದ ಮೆಟ್ಟಿಲ ಮೇಲೆ ಕೂತು ಹುಳಿ ಬರಿಸಿದ ಚಹಾ ಎಲೆ ಅಗಿಯುತ್ತಿದ್ದಳು. ಮೇಷ್ಟ್ರು ಪಕ್ಕದಲ್ಲಿ ಕುಳಿತರು.

“ಅಕ್ಕ, ಗೂಟದ ಒಡ್ಡು ವರ್ಷವೂ ಕೊಚ್ಚಿಹೋಗುತ್ತೆ. ಅವಳ ಹೆಸರು ಎಲ್ಲಿ ಉಳಿಯುತ್ತೆ?”

“ಒಡ್ಡು ಕಟ್ಟೋ ದಿನ ನಲವತ್ತು ಜನಕ್ಕೆ ಹಲಸಿನಕಾಯಿ ಸಾರು ಮಾಡ್ತಿದ್ದವಳು ಯಾರು?”

“ಸೆಂಗ್ಲಾ.”

“ಸೌಟು ಹಿಡ್ಕೊಂಡು ಎಲ್ಲರನ್ನೂ ಬೈತಿದ್ದವಳು?”

“ಅವಳೇ.”

“ನೀನು ಸಿಮೆಂಟು ಹಾಕಿದ ಮೇಲೆ ಮೂರು ವರ್ಷದಿಂದ ಅಲ್ಲಿ ಯಾರಾದ್ರೂ ಸೇರಿದ್ರಾ? ಅವಳ ಸಾರಿನ ಮಾತು ಎತ್ತಿದ್ರಾ?” ಖಾಮ್ಪಾ ಎಲೆಯನ್ನು ಇನ್ನೊಂದು ದವಡೆಗೆ ಬದಲಿಸಿದಳು. “ಗೋಡೆ ಕಟ್ಟಿ ಅವಳನ್ನ ಮರೆಸಿದ್ದು ನೀನೇ ಮಾರಾಯ.”

ಮೇಷ್ಟ್ರು ಎದ್ದು ಮನೆಮನೆಗೆ ಹೇಳಿಬರಲು ಹೊರಟರು.

ಹತ್ತು ದಿನದ ಮೇಲೆ ಮನೆಗೊಬ್ಬರಂತೆ ಜನ ಬಿದಿರು ಗೂಟ ಹೊತ್ತು ಬಂದರು. ಹಾರೆಗಳಿದ್ದವು, ಆದರೆ ಆ ಹೆಸರಿನ ಮೇಲೆ ಏಟು ಹಾಕಲು ಯಾರಿಗೂ ಕೈ ಬರಲಿಲ್ಲ. ಮೇಷ್ಟ್ರೇ ನೀರಿಗಿಳಿದರು. ಗೋಡೆಗೆ ಕೈಮುಗಿದು, “ಸೆಂಗ್ಲಾ, ಸ್ವಲ್ಪ ಪಕ್ಕಕ್ಕೆ ಬಾ” ಎಂದರು. ಹಾರೆ ಎತ್ತಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನಡುಗೋಡೆ ಹೋಗಿ, ಅಲ್ಲಿ ಗೂಟಗಳ ಸಾಲು ನಿಂತಿತ್ತು. ಅಂಚಿನಲ್ಲಿ ಮೀನಿಗೆಂದು ಒಂದು ಮಾರು ದಾರಿ ಬಿಟ್ಟಿದ್ದರು. ಹೆಸರಿದ್ದ ಹಲಗೆಯಷ್ಟು ಚೂರು ಇಡಿಯಾಗಿ ಬಂತು. ಅದನ್ನು ದಂಡೆಗೆ ಒಯ್ದು ಒಲೆಯ ಪಕ್ಕ ಇಟ್ಟು, ಹಂಡೆ ಇಳಿಸುವ ಕಲ್ಲು ಮಾಡಿಕೊಂಡರು.

ಸಾರು ಮೇಷ್ಟ್ರದೇ ಕೈಯಡುಗೆ. ಉಪ್ಪನ್ನು ಎರಡು ಸಲ ಹಾಕಿದ್ದರು, ತಳವೂ ಹಿಡಿದಿತ್ತು. ನಲವತ್ತು ಜನ ಮಾತಿಲ್ಲದೆ ಉಂಡು, ಒಬ್ಬೊಬ್ಬರೂ ಎರಡೆರಡು ಚೊಂಬು ನೀರು ಕುಡಿದರು. ಕಡೆಗೆ ಒಬ್ಬ, “ಸೆಂಗ್ಲಕ್ಕ ಇದ್ದಿದ್ರೆ...” ಎಂದ. ಅಷ್ಟೇ ಸಾಕಾಯಿತು, ಸಂಜೆಯವರೆಗೂ ಅವಳದೇ ಮಾತು. ಏಳುವಾಗ ಖಾಮ್ಪಾ, “ಬರೋ ವರ್ಷ ಉಪ್ಪು ನನ್ನ ಕೇಳಿ ಹಾಕು” ಎಂದಳು.

ಮೊದಲ ಮಳೆ ಬಂದ ಮರುದಿನ ಮುಂಜಾನೆಯೂ ಮೇಷ್ಟ್ರು ಬ್ರಷ್ ಹಿಡಿದು ಹೊಳೆಗೆ ಇಳಿದರು. ಉಜ್ಜಲು ಅಲ್ಲಿ ಅಕ್ಷರಗಳಿರಲಿಲ್ಲ. ತಳ ಹಿಡಿದ ಆ ಹಂಡೆಯನ್ನು ತಂದಿದ್ದರು, ಸೀದದ್ದು ಇನ್ನೂ ಬಿಟ್ಟಿರಲಿಲ್ಲ. ಉಜ್ಜುತ್ತಿದ್ದಂತೆ ಗೂಟದಂಚಿನ ದಾರಿಯಲ್ಲಿ ಒಂದು ಮೀನು ಬಾಲ ಬಡಿದು ಮೇಲಕ್ಕೆ ಹೋಯಿತು. ಮತ್ತೊಂದು, ಮತ್ತೆರಡು. ಮೇಷ್ಟ್ರು ಬ್ರಷ್ ಬದಿಗಿಟ್ಟು ಎಣಿಸತೊಡಗಿದರು.

ಸೇತುವೆಯ ಮೇಲಿಂದ ಓರತೈ ಕೂಗಿ ಕೇಳಿದಳು, “ಎಷ್ಟಾಯ್ತು ಮೇಷ್ಟ್ರೇ?”

ಅವರ ಕಣ್ಣು ತುಂಬಿ ಲೆಕ್ಕ ಯಾವಾಗಲೋ ತಪ್ಪಿತ್ತು. ಹೇಳಿದರೆ ಈ ಹುಡುಗಿ ಊರೆಲ್ಲ ಸಾರುತ್ತಾಳೆ. ಮುಖ ತಗ್ಗಿಸಿ ಮತ್ತೆ ಹಂಡೆ ಉಜ್ಜತೊಡಗಿದರು.

“ಬೆನ್ನು ನೆಟ್ಟಗೆ ಮಾಡಿ ಕೇಳು” ಎಂದರು.